ಸ್ಪೀಡ್ ಇದ್ದರೂ ಗೇಮ್ ಯಾಕೆ ತಡವರಿಸುತ್ತದೆ? ಬೆಂಗಳೂರಿನ ಮನೆಗಳಿಗೊಂದು ಮಾರ್ಗದರ್ಶಿ

"ಮನೆಯಲ್ಲಿ 100 ಎಂಬಿಪಿಎಸ್ ಕನೆಕ್ಷನ್ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ ತೋರಿಸುತ್ತದೆ. ಆದರೂ ಸಂಜೆ ಗೇಮ್‌ಗೆ ಕೂತರೆ ಎದುರಾಳಿ ಇದ್ದ ಜಾಗದಿಂದ ಮಾಯವಾಗಿ ಇನ್ನೆಲ್ಲೋ ಕಾಣಿಸುತ್ತಾನೆ. ಅಷ್ಟರಲ್ಲಿ ನಾನು ಔಟ್. ಏನು ಮಾಡಲಿ?" ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎರಡನೆಯದು ವಿಡಿಯೋ ಬಗ್ಗೆ: ಬಫರ್ ಆಗುತ್ತದೆ, ಬೇಡದ್ದೇ ಎದುರಿಗೆ ಬರುತ್ತದೆ, ಕೇಳದ ಭಾಷೆಯಲ್ಲಿ ಮಾತು ಶುರುವಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ದಯವಿಟ್ಟು ಏನನ್ನೂ ಕೊಳ್ಳಲು ಓಡಬೇಡಿ. ಹೊಸ ರೂಟರ್ ಬೇಡ, ದೊಡ್ಡ ಪ್ಲಾನ್ ಬೇಡ, "ಗೇಮಿಂಗ್ ಬೂಸ್ಟರ್" ಆ್ಯಪ್ ಅಂತೂ ಬೇಡವೇ ಬೇಡ. ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮುಂಚೆ ಖರ್ಚು ಮಾಡಿದವರ ಪತ್ರಗಳನ್ನು ಓದಿ ಓದಿ ಬೇಸರವಾಗಿದೆ. ಹುಡುಕುವುದಕ್ಕೆ ಒಂದು ಕ್ರಮ ಇದೆ. ಕೈಯಲ್ಲಿರುವ ಫೋನ್‌ನಿಂದ ಶುರು ಮಾಡಿ, ರೂಟರ್, ಮನೆಯ ಉಳಿದವರು, ಆಮೇಲೆ ಗೇಮ್‌ನ ಸರ್ವರ್ (ಆಟವನ್ನು ನಡೆಸುವ ದೂರದ ಕಂಪ್ಯೂಟರ್), ಕೊನೆಗೆ ಇಂಟರ್ನೆಟ್ ಕಂಪನಿ. ಹೀಗೆ ಒಳಗಿಂದ ಹೊರಗೆ ಹೋಗಬೇಕು. ಒಂದು ಸಂಜೆ ಸಾಕು.

ನಾಲ್ಕು ಪದ ತಿಳಿದಿರಲಿ

ಸ್ಪೀಡ್ ಅಥವಾ ಬ್ಯಾಂಡ್‌ವಿಡ್ತ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಡೇಟಾ ಬರಬಹುದು ಅನ್ನುವ ಲೆಕ್ಕ. ಪಿಂಗ್ ಅಂದರೆ ನಿಮ್ಮಿಂದ ಹೊರಟ ಒಂದು ಚಿಕ್ಕ ಸಂದೇಶ ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಸಮಯ. ಇದನ್ನು ಮಿಲಿಸೆಕೆಂಡ್‌ನಲ್ಲಿ ಹೇಳುತ್ತಾರೆ, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದು. ಆ ಪಿಂಗ್ ಒಮ್ಮೆ 25, ಒಮ್ಮೆ 140, ಮತ್ತೆ 30 ಹೀಗೆ ಕುಣಿದರೆ ಅದು ಜಿಟರ್. ಸಂದೇಶ ದಾರಿಯಲ್ಲೇ ಕಳೆದುಹೋದರೆ ಪ್ಯಾಕೆಟ್ ಲಾಸ್.

ನೀರಿನ ಪೈಪ್ ನೆನೆಸಿಕೊಳ್ಳಿ. ಪೈಪ್ ಎಷ್ಟು ದಪ್ಪ ಅನ್ನುವುದು ಸ್ಪೀಡ್. ನಲ್ಲಿ ತಿರುಗಿಸಿದ ಮೇಲೆ ಎಷ್ಟು ಹೊತ್ತಿಗೆ ನೀರು ಬಂತು ಅನ್ನುವುದು ಪಿಂಗ್. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ವ್ಯಾಲರಂಟ್ ತರಹದ ಗೇಮ್ ಆಡುವಾಗ ಹೋಗಿಬರುವ ಡೇಟಾ ತೀರಾ ಕಡಿಮೆ, 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಅಂಥ ಗೇಮ್‌ಗೆ ದಪ್ಪ ಪೈಪ್‌ನಿಂದ ಏನೂ ಪ್ರಯೋಜನ ಇಲ್ಲ. 100ರಿಂದ 300ಕ್ಕೆ ಪ್ಲಾನ್ ಏರಿಸಿದರೂ ಲ್ಯಾಗ್, ಅಂದರೆ ಈ ತಡವರಿಕೆ, ಹಾಗೇ ಉಳಿಯುವುದು ಇದೇ ಕಾರಣಕ್ಕೆ.

ಬೇಕಾಗುವ ಸಾಮಾನು: ಒಂದು ಲ್ಯಾಪ್‌ಟಾಪ್ ಅಥವಾ ಫೋನ್, ಒಂದು ಲ್ಯಾನ್ ಕೇಬಲ್ (ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ತನ್ನಿ), ಪೆನ್ನು, ಹಾಳೆ. ರೂಟರ್‌ನ ಪಾಸ್‌ವರ್ಡ್ ಸಾಮಾನ್ಯವಾಗಿ ಅದರ ಕೆಳಗಿನ ಸ್ಟಿಕರ್ ಮೇಲೆ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 1: ಇದು ನಿಜವಾಗಿ ನೆಟ್‌ನ ತೊಂದರೆಯೇ?

ಬಹಳ ಜನ ಈ ಹಂತ ಬಿಟ್ಟು ಮುಂದೆ ಹೋಗುತ್ತಾರೆ. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಪಿಂಗ್ ಮತ್ತು ಎಫ್‌ಪಿಎಸ್ ಎರಡನ್ನೂ ತೋರಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಎಫ್‌ಪಿಎಸ್ ಅಂದರೆ ಒಂದು ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳ ಸಂಖ್ಯೆ. ಆಟ ಸಿಕ್ಕಿಕೊಂಡ ಗಳಿಗೆಯಲ್ಲಿ ಯಾವ ಅಂಕಿ ಕೆಟ್ಟಿತು ನೋಡಿ. ಪಿಂಗ್ 30ರಲ್ಲೇ ಇದ್ದು ಎಫ್‌ಪಿಎಸ್ 60ರಿಂದ 22ಕ್ಕೆ ಬಿದ್ದರೆ ತೊಂದರೆ ನಿಮ್ಮ ಫೋನ್ ಅಥವಾ ಕಂಪ್ಯೂಟರ್‌ನದ್ದು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಏನೂ ಉಪಯೋಗ ಇಲ್ಲ.

ಫೋನ್‌ನಲ್ಲಿ ಇದಕ್ಕೆ ಮುಖ್ಯ ಕಾರಣ ಬಿಸಿ. ಜಾಸ್ತಿ ಬಿಸಿಯಾದರೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ, ದಪ್ಪ ಕವರ್ ತೆಗೆಯಿರಿ, ಹಾಸಿಗೆ ಮೇಲೆ ಇಟ್ಟು ಆಡಬೇಡಿ, ಗ್ರಾಫಿಕ್ಸ್ ಒಂದು ಮೆಟ್ಟಿಲು ಇಳಿಸಿ. ಸ್ಟೋರೇಜ್ ತುಂಬಿ ತುಳುಕುತ್ತಿದ್ದರೆ ಸ್ವಲ್ಪ ಖಾಲಿ ಮಾಡಿ.

ಇನ್ನೆರಡು ಕಡೆ ಜನ ನೆಟ್ ಅನ್ನು ಸುಮ್ನೆ ಬೈಯುತ್ತಾರೆ. ಒಂದು, ಟೀವಿಗೆ ಪ್ಲೇಸ್ಟೇಷನ್ ಜೋಡಿಸಿ ಆಡುವವರು. ಟೀವಿ ಚಿತ್ರವನ್ನು ಚೆಂದ ಮಾಡಲು ಸಮಯ ತಗೊಳ್ಳುತ್ತದೆ. ಹಾಗಾಗಿ ಗುಂಡಿ ಒತ್ತಿದ ಮೇಲೆ ಪರದೆ ಮೇಲೆ ಆಗುವುದು ತಡ. ಟೀವಿಯ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಆನ್ ಮಾಡಿದರೆ ವ್ಯತ್ಯಾಸ ಆ ಕ್ಷಣವೇ ಗೊತ್ತಾಗುತ್ತದೆ. ಎರಡು, ಬ್ಲೂಟೂತ್ ಇಯರ್‌ಫೋನ್. ಅದರಲ್ಲಿ ಶಬ್ದ ತಡವಾಗಿಯೇ ಬರುತ್ತದೆ. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿದೂಗಿಸುತ್ತವೆ, ಗೇಮ್‌ಗೆ ಹಾಗೆ ಮಾಡಲು ಬರುವುದಿಲ್ಲ. ಹೆಜ್ಜೆ ಸದ್ದು ಕೇಳಿ ಆಡುವ ಆಟಕ್ಕೆ ವೈರ್ ಇರುವ ಇಯರ್‌ಫೋನ್ ಒಳ್ಳೆಯದು.

ಹಂತ 2: ರೂಟರ್‌ವರೆಗಿನ ದಾರಿ ಪರೀಕ್ಷೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇದು ಅಕ್ಷರ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳುವ ಕಪ್ಪು ಕಿಟಕಿ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಹುಡುಕಿದರೆ ಸಿಗುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ (ipconfig) ಎಂದು ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ "ಡೀಫಾಲ್ಟ್ ಗೇಟ್‌ವೇ" ಎದುರು ಇರುವ ಅಂಕಿಯೇ ನಿಮ್ಮ ರೂಟರ್‌ನ ವಿಳಾಸ. ಹೆಚ್ಚಾಗಿ 192.168.1.1 ಅಥವಾ 192.168.0.1 ಇರುತ್ತದೆ. ಈಗ ಪಿಂಗ್ (ping) ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ, ಮತ್ತೆ ಜಾಗ ಬಿಟ್ಟು ಚಿಕ್ಕ ಅಡ್ಡಗೆರೆ ಮತ್ತು ಟಿ ಅಕ್ಷರ (-t) ಹಾಕಿ ಎಂಟರ್ ಒತ್ತಿ. ಸಾಲುಸಾಲಾಗಿ ಅಂಕಿಗಳು ಬರುತ್ತವೆ. ಐದು ನಿಮಿಷ ಬಿಡಿ. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ ಒತ್ತಿ. ಫೋನ್ ಮಾತ್ರ ಇರುವವರು ಪಿಂಗ್ ಅಳೆಯುವ ಯಾವುದಾದರೂ ಉಚಿತ ಆ್ಯಪ್‌ನಲ್ಲಿ ಅದೇ ವಿಳಾಸ ಹಾಕಿ.

ಆಮೇಲೆ ಇನ್ನೊಂದು ಕಪ್ಪು ಕಿಟಕಿ ತೆರೆದು ಇದೇ ರೀತಿ 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್‌ನ ಸಾರ್ವಜನಿಕ ವಿಳಾಸ, ಅಂದರೆ ನಿಮ್ಮ ಮನೆಯ ಹೊರಗಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ರೂಟರ್‌ಗೆ ಪಿಂಗ್ 1ರಿಂದ 5 ಒಳಗೆ ಸಮವಾಗಿ ಇದೆಯೇ? ಮನೆಯ ವೈಫೈ ಚೆನ್ನಾಗಿದೆ, ಹಂತ 4ಕ್ಕೆ ಹೋಗಿ. ರೂಟರ್‌ಗೇ 40, 90, 200 ಅಂತ ಪದೇ ಪದೇ ಹಾರುತ್ತಿದೆಯೇ, ಮಧ್ಯೆ ಮಧ್ಯೆ "ರಿಕ್ವೆಸ್ಟ್ ಟೈಮ್ಡ್ ಔಟ್" ಬರುತ್ತಿದೆಯೇ? ಹಾಗಾದರೆ ತೊಂದರೆ ಇರುವುದು ನಿಮ್ಮ ಹಾಲ್ ಮತ್ತು ರೂಮಿನ ನಡುವೆ. ಎಲ್ಲೋ ಒಂದು ಸಲ ಅಂಕಿ ಮೇಲೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ರೂಟರ್ ಬೇರೆ ಕೆಲಸದಲ್ಲಿದ್ದಾಗ ಪಿಂಗ್‌ಗೆ ತಡವಾಗಿ ಉತ್ತರ ಕೊಡುವುದುಂಟು. ಪದೇ ಪದೇ ಆಗುತ್ತಿದೆಯೇ ಅನ್ನುವುದು ಮುಖ್ಯ.

ಈ ಪರೀಕ್ಷೆಯನ್ನು ತೊಂದರೆ ಆಗುವ ಹೊತ್ತಿನಲ್ಲೇ ಮಾಡಿ. ರಾತ್ರಿ 9ಕ್ಕೆ ಲ್ಯಾಗ್ ಆಗುತ್ತದೆ ಅಂದರೆ ಬೆಳಿಗ್ಗೆ 7ಕ್ಕೆ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ.

ಹಂತ 3: ವೈಫೈ ಸರಿ ಮಾಡಿ

ನಮ್ಮ ಊರಿನ ಮನೆಗಳ ಕತೆ ನಿಮಗೇ ಗೊತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು, ಒಂದೊಂದರಲ್ಲಿ ಎರಡು ಬಾಡಿಗೆ ಮನೆ, ಗೋಡೆಗೆ ಗೋಡೆ ತಾಗಿದ ಪಕ್ಕದ ಬಿಲ್ಡಿಂಗ್. ಫೋನ್‌ನಲ್ಲಿ ವೈಫೈ ಪಟ್ಟಿ ತೆರೆದರೆ ಇಪ್ಪತ್ತು ಹೆಸರು ಕಾಣುತ್ತವೆ. ಅವೆಲ್ಲಾ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತಿವೆ. ಒಂದೇ ಚಾನೆಲ್‌ನಲ್ಲಿರುವ ವೈಫೈಗಳು ಸರದಿ ಪ್ರಕಾರ ಮಾತಾಡಬೇಕು. ಪಕ್ಕದ ಮನೆಯ ಸರದಿ ಮುಗಿಯುವವರೆಗೆ ನಿಮ್ಮ ಗೇಮ್ ಕಾಯುತ್ತದೆ.

ಅದಕ್ಕೇ ಮೊದಲು ಬ್ಯಾಂಡ್ ನೋಡಿ. ಸಾಮಾನ್ಯ ರೂಟರ್‌ಗಳಲ್ಲಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ದಾರಿ ಇರುತ್ತವೆ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ಭಾರೀ ಟ್ರಾಫಿಕ್: ಅಕ್ಕಪಕ್ಕದ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಓವನ್ ಎಲ್ಲ ಅದೇ ದಾರಿಯಲ್ಲಿವೆ. 5 ಗಿಗಾಹರ್ಟ್ಸ್ ಗೋಡೆಗೆ ಸೋಲುತ್ತದೆ, ಆದರೆ ಖಾಲಿ ಜಾಗ ಜಾಸ್ತಿ. ರೂಟರ್ ಇರುವ ರೂಮಿನಲ್ಲಿ ಅಥವಾ ಒಂದು ಗೋಡೆ ಆಚೆ ಆಡುವವರು 5ಕ್ಕೆ ಬದಲಾಯಿಸಿಕೊಳ್ಳಿ. ಎರಡಕ್ಕೂ ಒಂದೇ ಹೆಸರು ಇದ್ದರೆ ಫೋನ್ ತನಗೆ ತೋಚಿದ್ದನ್ನು ಹಿಡಿಯುತ್ತದೆ. ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ (ಬ್ರೌಸರ್‌ನಲ್ಲಿ ಹಂತ 2ರ ರೂಟರ್ ವಿಳಾಸ ಬರೆದು, ಸ್ಟಿಕರ್ ಮೇಲಿನ ಪಾಸ್‌ವರ್ಡ್ ಹಾಕಿ) ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ.

2.4 ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಚಾನೆಲ್ ಅನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಇಡಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. 3 ಅಥವಾ 8 ಖಾಲಿ ಕಾಣುತ್ತದೆ ಅಂತ ಹಾಕಿದರೆ ಎರಡೂ ಕಡೆಯ ಗದ್ದಲ ನಿಮಗೇ ಬರುತ್ತದೆ. 5ರಲ್ಲಿ 36ರಿಂದ 48 ಅಥವಾ 149ರಿಂದ 161 ಆರಿಸಿ. ಮಧ್ಯದ ಕೆಲವು ಚಾನೆಲ್‌ಗಳನ್ನು ರಡಾರ್‌ಗಳೂ ಬಳಸುತ್ತವೆ. ರಡಾರ್ ಸಿಗ್ನಲ್ ಕಂಡರೆ ರೂಟರ್ ಆ ಚಾನೆಲ್ ಬಿಟ್ಟು ಓಡಬೇಕು ಎಂಬ ನಿಯಮ ಇದೆ. ಆಗ ಆಟದ ಮಧ್ಯೆ ನೆಟ್ ಕಟ್ ಆಗುತ್ತದೆ.

ರೂಟರ್ ಇಟ್ಟ ಜಾಗವೂ ಮುಖ್ಯ. ಕನೆಕ್ಷನ್ ಕೊಡಲು ಬಂದವರು ಬಾಗಿಲ ಹತ್ತಿರ, ವೈರ್ ಒಳಗೆ ಬಂದ ಕಡೆಯೇ ಮೊಳೆ ಹೊಡೆದು ಹೋಗಿರುತ್ತಾರೆ. ಟೀವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ಮುಚ್ಚಿದ ಶೋಕೇಸ್ ಒಳಗೆ ಇಡಬೇಡಿ. ಮನೆಯ ಮಧ್ಯದಲ್ಲಿ, ತಲೆ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ.

ಇಷ್ಟೆಲ್ಲಾ ಹೇಳಿದರೂ ನನ್ನ ನಿಜವಾದ ಸಲಹೆ ಲ್ಯಾನ್ ಕೇಬಲ್. ಕಂಪ್ಯೂಟರ್, ಪ್ಲೇಸ್ಟೇಷನ್, ಟೀವಿ ಇವು ಜಾಗ ಬಿಟ್ಟು ಕದಲುವುದಿಲ್ಲ. ಅವಕ್ಕೆ ವೈಫೈ ಯಾಕೆ? ಕೇಬಲ್ ಹಾಕಿದರೆ ರೂಟರ್‌ಗೆ ಪಿಂಗ್ 1ಕ್ಕಿಂತ ಕಡಿಮೆ ಆಗುತ್ತದೆ, ಕುಣಿತವೂ ನಿಲ್ಲುತ್ತದೆ. ಕೇಳಿ ತಂದ ಕೇಬಲ್‌ನಲ್ಲಿ ಮೊದಲು ಪರೀಕ್ಷೆ ಮಾಡಿ. ಫಲ ಸಿಕ್ಕರೆ ಎಸ್.ಪಿ. ರೋಡಿಗೆ ಹೋಗಿ. ಮೆಟ್ರೋದಲ್ಲಿ ಚಿಕ್ಕಪೇಟೆ ಇಲ್ಲವೇ ಕೆ.ಆರ್. ಮಾರ್ಕೆಟ್ ಸ್ಟೇಷನ್ ಇಳಿದು ನಡೆಯಬಹುದು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಮನೆಯಲ್ಲೇ ದಾರದಿಂದ ಗೋಡೆ ಗುಂಟ ಅಳತೆ ತಗೊಂಡು ಹೋಗಿ. ಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಎರಡೂ ತುದಿಗೆ ಕನೆಕ್ಟರ್ ಹಾಕಿಸಿಕೊಡಿ ಅಂತ ಕೇಳಿ.

ಅಂಗಡಿಯಲ್ಲಿ ಎರಡು ಮಾತು ನೆನಪಿಡಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ. ಎರಡೂ 100 ಮೀಟರ್‌ವರೆಗೆ 1 ಜಿಬಿಪಿಎಸ್ ಹೊರುತ್ತವೆ, ಮನೆಗೆ ಧಾರಾಳ ಸಾಕು. "ಪೂರ್ತಿ ತಾಮ್ರದ್ದೇ ಕೊಡಿ" ಅನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ಅಗ್ಗದ ಕೇಬಲ್ ಬೇಗ ಮುರಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ತೂತು ಇಲ್ಲದಿದ್ದರೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತದೆ.

ಇಲ್ಲಿ ಬಹಳ ಜನ ಎಡವುವುದು ವೈಫೈ ರಿಪೀಟರ್ ಕೊಂಡು. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತದೆ, ಖುಷಿಯಾಗುತ್ತದೆ. ಆದರೆ ರಿಪೀಟರ್ ಪ್ರತಿ ಸಂದೇಶವನ್ನೂ ಕೇಳಿಸಿಕೊಂಡು ಮತ್ತೆ ಕೂಗಿ ಹೇಳಬೇಕು. ಸ್ಪೀಡ್ ಇಳಿಯುತ್ತದೆ, ಪಿಂಗ್ ಏರುತ್ತದೆ. ದೊಡ್ಡ ಮನೆಗೆ ಎರಡನೇ ರೂಟರ್ ಬೇಕೇ ಬೇಕು ಅಂದರೆ ಅದನ್ನು ಕೇಬಲ್ ಮೂಲಕವೇ ಮೊದಲನೆಯದಕ್ಕೆ ಜೋಡಿಸಿ.

ಪಿಜಿಯಲ್ಲಿ ಇರುವವರಿಗೆ ರೂಟರ್ ಮುಟ್ಟುವ ಅವಕಾಶ ಇರುವುದಿಲ್ಲ. ಓನರ್ ಹತ್ತಿರ ನಿಮ್ಮ ಅಂತಸ್ತಿನ ರೂಟರ್‌ನಿಂದ ಒಂದು ಕೇಬಲ್ ಎಳೆಯಲು ಕೇಳಿ ನೋಡಿ. ಒಪ್ಪದಿದ್ದರೆ ಆಟದ ಹೊತ್ತಿಗೆ ಮೊಬೈಲ್ ಡೇಟಾ ಪ್ರಯತ್ನಿಸಿ. ಗೇಮ್‌ಗೆ ಡೇಟಾ ಕಡಿಮೆ ಸಾಕು ಅಂದೆನಲ್ಲ. ಕಿಟಕಿ ಪಕ್ಕ ಕೂತರೆ 5ಜಿ ಪಿಂಗ್ ಎಷ್ಟೋ ಸಲ ಪಿಜಿ ವೈಫೈಗಿಂತ ಚೆನ್ನಾಗಿರುತ್ತದೆ.

ಹಂತ 4: ಮನೆಯಲ್ಲಿ ಇನ್ಯಾರು ಬಳಸುತ್ತಿದ್ದಾರೆ?

ಡೌನ್‌ಲೋಡ್ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಅಪ್‌ಲೋಡ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಫೋಟೋಗಳು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುವಾಗ, ಬಾಗಿಲ ಕ್ಯಾಮೆರಾ ವಿಡಿಯೋ ಕಳಿಸುವಾಗ ಅಪ್‌ಲೋಡ್ ದಾರಿ ತುಂಬಿಕೊಳ್ಳುತ್ತದೆ. ರೂಟರ್ ಎಲ್ಲವನ್ನೂ ಒಂದೇ ಕ್ಯೂನಲ್ಲಿ ನಿಲ್ಲಿಸುತ್ತದೆ. ನಿಮ್ಮ ಗುಂಡಿ ಒತ್ತಿದ ಸಂದೇಶ ಆ ಕ್ಯೂನ ಕೊನೆಯಲ್ಲಿ ನಿಲ್ಲುತ್ತದೆ. ಪಿಂಗ್ 30ರಿಂದ 300ಕ್ಕೆ ಹೋಗುವುದು ಹೀಗೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ಎರಡು ತಿಂಗಳು ಕಂಪನಿಯದ್ದೇ ತಪ್ಪು ಅಂದುಕೊಂಡಿದ್ದೆವು. ಊರಿಂದ ಮದುವೆ ಮುಗಿಸಿ ಬಂದ ದಿನ ಎಲ್ಲರ ಫೋನ್ ಒಟ್ಟಿಗೆ ಬ್ಯಾಕಪ್ ಶುರು ಮಾಡಿದಾಗಲೇ ಕಾರಣ ಗೊತ್ತಾದದ್ದು.

ಪರೀಕ್ಷೆ ಸುಲಭ. 8.8.8.8ಕ್ಕೆ ಪಿಂಗ್ ಓಡುತ್ತಿರಲಿ. ಇನ್ನೊಂದು ಫೋನ್‌ನಿಂದ ಒಂದು ದೊಡ್ಡ ವಿಡಿಯೋ ಫೈಲ್ ಗೂಗಲ್ ಡ್ರೈವ್‌ಗೆ ಹಾಕಿ. ಪಿಂಗ್ ತಕ್ಷಣ ಏರಿದರೆ ಕಾರಣ ಸಿಕ್ಕಿತು. ಬ್ಯಾಕಪ್ ಅನ್ನು ರಾತ್ರಿ ಚಾರ್ಜ್‌ಗೆ ಹಾಕಿದಾಗ ಮಾತ್ರ ಆಗುವಂತೆ ನೋಡಿಕೊಳ್ಳಿ. ಕ್ಯಾಮೆರಾದ ವಿಡಿಯೋ ಗುಣಮಟ್ಟ ಇಳಿಸಿ. ರೂಟರ್‌ನಲ್ಲಿ ಈ ಕ್ಯೂ ನಿಭಾಯಿಸುವ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಆಯ್ಕೆ ಇದ್ದರೆ ಆನ್ ಮಾಡಿ, ಮಿತಿಯನ್ನು ನಿಮ್ಮ ನಿಜವಾದ ಅಪ್‌ಲೋಡ್ ಸ್ಪೀಡಿಗಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ ಇಡಿ. ಕ್ಯೂ ಉದ್ದ ಆಗುವುದೇ ಇಲ್ಲ. ವಿಂಡೋಸ್‌ನಲ್ಲಿ "ಡೆಲಿವರಿ ಆಪ್ಟಿಮೈಸೇಷನ್" ಅನ್ನುವ ಆಯ್ಕೆ ನಿಮ್ಮ ಅಪ್‌ಡೇಟ್‌ಗಳನ್ನು ಬೇರೆ ಕಂಪ್ಯೂಟರ್‌ಗಳಿಗೂ ಹಂಚುತ್ತದೆ, ಅದನ್ನು ಆಫ್ ಮಾಡಿ.

ಅಪ್‌ಡೇಟ್ ಮಾತು ಬಂತಲ್ಲ. ಶನಿವಾರ ಸಂಜೆ ಗೆಳೆಯರೆಲ್ಲ ಆನ್‌ಲೈನ್ ಬಂದಾಗ "40 ಜಿಬಿ ಅಪ್‌ಡೇಟ್ ಬೇಕು" ಅಂತ ಪರದೆ ಮೇಲೆ ಬರುವುದು ಎಷ್ಟು ಸಂಕಟ! ಲೆಕ್ಕ ಹೀಗಿದೆ: 8 ಮೆಗಾಬಿಟ್ ಸೇರಿದರೆ 1 ಮೆಗಾಬೈಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. 40 ಜಿಬಿಗೆ ಸುಮಾರು 53 ನಿಮಿಷ. ದೊಡ್ಡ ಪ್ಲಾನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ. ಕಂಪ್ಯೂಟರ್ ಗೇಮ್ ಮಾರುವ ಆ್ಯಪ್ ಸ್ಟೀಮ್‌ನಲ್ಲಿ ಡೌನ್‌ಲೋಡ್ಸ್ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಸಮಯವನ್ನು ರಾತ್ರಿಗೆ ಇಡಬಹುದು. ಪ್ಲೇಸ್ಟೇಷನ್ ಅನ್ನು ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ನಲ್ಲಿ ಬಿಟ್ಟರೆ ತಾನೇ ಇಳಿಸಿಕೊಳ್ಳುತ್ತದೆ.

ಹಂತ 5: ಸರ್ವರ್ ಎಲ್ಲಿದೆ ನೋಡಿ

ಇಂಟರ್ನೆಟ್ ಹೊತ್ತು ತರುವ ಗಾಜಿನ ಎಳೆ, ಅಂದರೆ ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ಮುಂಬೈ ನೇರ ದಾರಿಯಲ್ಲಿ ಸುಮಾರು 850 ಕಿಲೋಮೀಟರ್. ಹೋಗಿಬರಲು 8ರಿಂದ 9 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲ, ಮಧ್ಯೆ ಹಲವು ಉಪಕರಣ ದಾಟಬೇಕು. ಹಾಗಾಗಿ ಮುಂಬೈ ಸರ್ವರ್‌ಗೆ 20ರಿಂದ 35 ಬಂದರೆ ಒಳ್ಳೆಯದೇ. ಸಿಂಗಪುರ ಸುಮಾರು 3,200 ಕಿಲೋಮೀಟರ್. ಅಲ್ಲಿಗೆ ಬೆಳಕಿನ ಲೆಕ್ಕದಲ್ಲೇ 32, ನಿಜದಲ್ಲಿ ಇನ್ನೂ ಜಾಸ್ತಿ. ಯುರೋಪ್ ಸರ್ವರ್‌ಗೆ 130 ದಾಟಿದರೆ ಯಾರ ತಪ್ಪೂ ಅಲ್ಲ. ಯಾವ ಕಂಪನಿಯೂ ಅದನ್ನು 30 ಮಾಡಲಾರದು.

ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ. ಕೌಂಟರ್ ಸ್ಟ್ರೈಕ್ 2ಕ್ಕೂ ಭಾರತದಲ್ಲಿ ಇದೆ. ಗೇಮ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಅಥವಾ ರೀಜನ್ ಪಟ್ಟಿ ಇದ್ದರೆ ದೂರದವುಗಳ ಟಿಕ್ ತೆಗೆಯಿರಿ. ಸ್ನೇಹಿತರೊಬ್ಬರು ವಿದೇಶದಲ್ಲಿದ್ದು ಅವರ ಜೊತೆ ಪಾರ್ಟಿ ಸೇರಿದರೆ ಗೇಮ್ ಬೇರೆ ಸರ್ವರ್ ಆರಿಸಬಹುದು, ಗಮನಿಸಿ.

ಸ್ಪೀಡ್ ಟೆಸ್ಟ್‌ನಲ್ಲಿ ಪಿಂಗ್ 3 ಬರುತ್ತದೆ, ಗೇಮ್‌ನಲ್ಲಿ 60 ಯಾಕೆ ಅಂತ ಕೇಳುತ್ತಾರೆ. ಸ್ಪೀಡ್ ಟೆಸ್ಟ್ ನಿಮ್ಮ ಊರಲ್ಲೇ ಇರುವ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. ಅದು ಬೇರೆ ದಾರಿ, ಇದು ಬೇರೆ ದಾರಿ. "ಪಿಂಗ್ ಇಳಿಸುತ್ತೇವೆ" ಎನ್ನುವ ವಿಪಿಎನ್ ಆ್ಯಪ್‌ಗಳು (ನಿಮ್ಮ ಡೇಟಾವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವಂಥವು) ಕಂಪನಿಯ ದಾರಿ ಸುತ್ತುಬಳಸಿ ಹೋಗುತ್ತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಉಳಿದಂತೆ ಸುತ್ತು ಇನ್ನೂ ಹೆಚ್ಚುತ್ತದೆ. ಉಚಿತ ವಿಪಿಎನ್ ಹಾಕಿ ಗೇಮ್ ಅಕೌಂಟ್‌ಗೆ ಲಾಗಿನ್ ಆಗಬೇಡಿ, ನಿಮ್ಮ ಡೇಟಾ ಯಾರ ಕೈಗೆ ಹೋಗುತ್ತದೆ ಗೊತ್ತಾಗುವುದಿಲ್ಲ.

ಹಂತ 6: ಕಂಪನಿಗೆ ದೂರು ಕೊಡುವುದು

ಕೇಬಲ್ ಹಾಕಿ ನೋಡಿದ್ದೀರಿ, ರೂಟರ್‌ಗೆ ಪಿಂಗ್ 1. ಮನೆಯವರೆಲ್ಲ ನೆಟ್ ಬಿಟ್ಟಿದ್ದಾರೆ. ಆದರೂ ರಾತ್ರಿ 8ರಿಂದ 11ರವರೆಗೆ ಹೊರಗಿನ ಪಿಂಗ್ ಹಾರುತ್ತದೆ. ಈಗ ಧೈರ್ಯವಾಗಿ ಫೋನ್ ಮಾಡಿ.

"ನೆಟ್ ಸ್ಲೋ ಇದೆ" ಅನ್ನಬೇಡಿ. ಅವರು ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಸ್ಪೀಡ್ ಟೆಸ್ಟ್ ನೋಡಿ ದೂರು ಮುಚ್ಚುತ್ತಾರೆ. ಹೀಗೆ ಹೇಳಿ: "ಲ್ಯಾನ್ ಕೇಬಲ್‌ನಲ್ಲಿ ಪರೀಕ್ಷೆ ಮಾಡಿದ್ದೇನೆ. ರೂಟರ್‌ಗೆ ಪಿಂಗ್ 1. ಹೊರಗೆ ರಾತ್ರಿ 9ಕ್ಕೆ ಇಷ್ಟು ಪರ್ಸೆಂಟ್ ಪ್ಯಾಕೆಟ್ ಲಾಸ್ ಇದೆ. ಮೂರು ದಿನದ ಸ್ಕ್ರೀನ್‌ಶಾಟ್ ಇದೆ." ಪಿಂಗ್ ನಿಲ್ಲಿಸಿದಾಗ ಎಷ್ಟು ಕಳೆದುಹೋಯಿತು ಅಂತ ಕೊನೆಯ ಸಾಲುಗಳಲ್ಲಿ ಬರುತ್ತದೆ, ಅದನ್ನೇ ಸ್ಕ್ರೀನ್‌ಶಾಟ್ ತೆಗೆಯಿರಿ.

ಪ್ರತಿ ದೂರಿಗೂ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ಕೊಡುವುದು ಕಂಪನಿಯ ಕರ್ತವ್ಯ. ಪರಿಹಾರ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ, ಅಂದರೆ ಅಪೆಲೇಟ್ ಅಥಾರಿಟಿಗೆ ಬರೆಯಬಹುದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ, ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಗೇಮ್‌ನಲ್ಲಿ "ಸ್ಟ್ರಿಕ್ಟ್ ನ್ಯಾಟ್" ಎಂದು ಬಂದು ಗೆಳೆಯರ ಧ್ವನಿ ಕೇಳದೆ ಹೋದರೆ ಅದು ಬೇರೆ ತೊಂದರೆ. ಕಂಪನಿಗಳು ಒಂದೇ ಇಂಟರ್ನೆಟ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತವೆ. ರೂಟರ್‌ನಲ್ಲಿ ಮೊದಲು ಯುಪಿಎನ್‌ಪಿ ಮತ್ತು ಐಪಿವಿ6 ಎಂಬ ಆಯ್ಕೆಗಳನ್ನು ಆನ್ ಮಾಡಿ ನೋಡಿ. ಆಗಲಿಲ್ಲ ಅಂದರೆ ಕಂಪನಿಯಿಂದ ಪಬ್ಲಿಕ್ ಐಪಿ, ಅಂದರೆ ನಿಮ್ಮ ಮನೆಗೇ ಮೀಸಲಾದ ವಿಳಾಸ, ಕೇಳಿ. ಕೆಲವರು ಅದಕ್ಕೆ ಹೆಚ್ಚಿಗೆ ದುಡ್ಡು ತಗೊಳ್ಳುತ್ತಾರೆ.

ಹಂತ 7: ಮಳೆ, ಮರ, ಕರೆಂಟ್

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬೀಳುತ್ತದೆ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ನೇತಾಡುವ ಫೈಬರ್ ಅದರ ಜೊತೆ ಹೋಗುತ್ತದೆ. ಕೆಲವೊಮ್ಮೆ ಪಾಲಿಕೆಯವರೇ ನೇತಾಡುವ ಕೇಬಲ್ ಕತ್ತರಿಸುತ್ತಾರೆ. ಫೈಬರ್ ಬಾಕ್ಸ್‌ನಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿಣುಕುತ್ತಿದ್ದರೆ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ ಅಂತ ಅರ್ಥ. ರೂಟರ್ ಹತ್ತು ಸಲ ಆಫ್ ಆನ್ ಮಾಡಿದರೂ ಬರುವುದಿಲ್ಲ. ಒಳಗಿನ ತೆಳು ಹಳದಿ ಅಥವಾ ಬಿಳಿ ವೈರ್ ಬಾಗಿಲ ಸಂದಿಯಲ್ಲಿ ಮಡಚಿಕೊಂಡಿದೆಯೇ ಒಮ್ಮೆ ನೋಡಿ, ಇಲ್ಲದಿದ್ದರೆ ನೇರವಾಗಿ ದೂರು ಕೊಡಿ. ಆ ವೈರ್‌ನ ತುದಿ ಬಿಚ್ಚಿ ಕಣ್ಣಿಟ್ಟು ನೋಡಬೇಡಿ. ಒಳಗೆ ಕಣ್ಣಿಗೆ ಕಾಣದ ಲೇಸರ್ ಇರುತ್ತದೆ.

ಕರೆಂಟ್ ಒಂದು ಸೆಕೆಂಡ್ ಹೋಗಿ ಬಂದರೂ ರೂಟರ್ ಮತ್ತೆ ಶುರುವಾಗಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಮ್ಯಾಚ್ ಮುಗಿದಿರುತ್ತದೆ. ಇದಕ್ಕೆ ರೂಟರ್ ಮಿನಿ ಯುಪಿಎಸ್ ಸಿಗುತ್ತದೆ. ನಾನು ಮನಸಾರೆ ಕೊಳ್ಳಿ ಎನ್ನುವ ಸಾಮಾನು ಕೇಬಲ್ ಬಿಟ್ಟರೆ ಇದೊಂದೇ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲೆ ವೋಲ್ಟ್ ಮತ್ತು ಆಂಪ್ ಎಷ್ಟು ಬರೆದಿದೆ ನೋಡಿ. ಹೆಚ್ಚಿನವು 12 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಕರೆಂಟ್ ಯಾವಾಗ ಬರುತ್ತದೆ ತಿಳಿಯಲು ಬೆಸ್ಕಾಂನ 1912.

ಹಂತ 8: ವಿಡಿಯೋ ಕಿರಿಕಿರಿ

ಬಫರ್ ಆಗುವ ವಿಡಿಯೋಗೂ ಹಂತ 2ರಿಂದ 4ರವರೆಗಿನ ಪರೀಕ್ಷೆಯೇ ಮದ್ದು. 1080ಪಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್, 4ಕೆಗೆ 20 ಇದ್ದರೆ ಸಾಕು. ಉಳಿದವು ಸೆಟ್ಟಿಂಗ್ಸ್ ಕೆಲಸ.

ಇಂಗ್ಲಿಷ್ ಗೇಮಿಂಗ್ ವಿಡಿಯೋ ತೆರೆದರೆ ಹಿಂದಿ ಡಬ್ಬಿಂಗ್ ದನಿ ಬರುತ್ತಿದೆಯೇ? ಯೂಟ್ಯೂಬ್ ಈಗ ಯಂತ್ರದಿಂದ ಡಬ್ ಮಾಡಿದ ಧ್ವನಿ ಹಾಕುತ್ತದೆ. ವಿಡಿಯೋ ಮೇಲಿನ ಗೇರ್ ಗುರುತು ಒತ್ತಿ, ಆಡಿಯೋ ಟ್ರ್ಯಾಕ್‌ಗೆ ಹೋಗಿ "ಒರಿಜಿನಲ್" ಎಂದಿರುವುದನ್ನು ಆರಿಸಿ. ಅದೇ ಗೇರ್ ಒಳಗೆ "ಸ್ಟೇಬಲ್ ವಾಲ್ಯೂಮ್" ಇದ್ದರೆ ಆನ್ ಮಾಡಿ. ಪಿಸುಮಾತಿನ ಮಧ್ಯೆ ಯೂಟ್ಯೂಬರ್ ಕಿರುಚಿದಾಗ ಮಲಗಿದ್ದ ಮಗು ಏಳುವುದು ತಪ್ಪುತ್ತದೆ.

ಒಂದೇ ಒಂದು ಪ್ರಾಂಕ್ ವಿಡಿಯೋ ನೋಡಿದ್ದಕ್ಕೆ ವಾರವಿಡೀ ಅದೇ ಬರುತ್ತಿದ್ದರೆ, ವಿಡಿಯೋ ಪಕ್ಕದ ಮೂರು ಚುಕ್ಕಿ ಒತ್ತಿ "ನಾಟ್ ಇಂಟರೆಸ್ಟೆಡ್" ಅಥವಾ "ಡೋಂಟ್ ರೆಕಮೆಂಡ್ ಚಾನೆಲ್" ಆರಿಸಿ. ಎರಡನೆಯದು ಹೆಚ್ಚು ಗಟ್ಟಿ. ಮೂಲಕ್ಕೇ ಹೋಗಬೇಕು ಅಂದರೆ ವಾಚ್ ಹಿಸ್ಟರಿಯಲ್ಲಿ ಆ ವಿಡಿಯೋಗಳನ್ನು ಅಳಿಸಿ. ಹಿಸ್ಟರಿಯನ್ನೇ ನಿಲ್ಲಿಸಿ, ಹಳೆಯದನ್ನೂ ಅಳಿಸಿದರೆ ಮುಖಪುಟದಲ್ಲಿ ಶಿಫಾರಸು ಬರುವುದೇ ಇಲ್ಲ. ಮಕ್ಕಳಿರುವ ಮನೆಯ ಟೀವಿಗೆ ನನಗೆ ಇದೇ ಇಷ್ಟ. ಚಂದಾ ಆದ ಚಾನೆಲ್‌ಗಳಷ್ಟೇ ಉಳಿಯುತ್ತವೆ. ಮುಂದಿನ ವಿಡಿಯೋ ತಾನೇ ಓಡುವುದನ್ನು ಆಟೋಪ್ಲೇ ಗುಂಡಿಯಿಂದ ನಿಲ್ಲಿಸಿ.

ಹಂತ 9: ದುಡ್ಡು ಸೋರದಂತೆ ನೋಡಿಕೊಳ್ಳಿ

ಮಕ್ಕಳ ಕೈಗೆ ನಿಮ್ಮ ಫೋನ್ ಕೊಡುವವರು ಪ್ಲೇಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಂದೇ ಮಾಡಿ. ಗೊತ್ತಿಲ್ಲದೆ ಸ್ಕಿನ್, ಡೈಮಂಡ್ ತರಹದ ಆಟದೊಳಗಿನ ಸಾಮಾನು ಕೊಂಡಿದ್ದರೆ 48 ಗಂಟೆ ಒಳಗೆ ಗೂಗಲ್ ಪ್ಲೇಯಲ್ಲಿ ರೀಫಂಡ್ ಕೇಳಿ. ಸ್ಟೀಮ್‌ನಲ್ಲಿ ಕೊಂಡ ಗೇಮ್ ಕಂಪ್ಯೂಟರ್‌ನಲ್ಲಿ ಓಡದಿದ್ದರೆ, 14 ದಿನ ಆಗಿಲ್ಲದಿದ್ದರೆ ಮತ್ತು 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಬರುತ್ತದೆ.

ಚಂದಾಗಳು ಯುಪಿಐ ಆಟೋಪೇಗೆ ಸೇರಿಕೊಂಡಿರುತ್ತವೆ. 15,000 ರೂಪಾಯಿವರೆಗಿನ ಕಂತು ಪ್ರತಿ ಸಲ ಪಿನ್ ಕೇಳದೆ ಕಡಿತ ಆಗಬಹುದು. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಪಟ್ಟಿ ತೆರೆದು ಬೇಡವಾದದ್ದನ್ನು ರದ್ದು ಮಾಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಹಣ ಕಟ್ಟಿ ಗೆಲ್ಲಿ ಎನ್ನುವ ಗೇಮ್‌ಗಳ ಜಾಹೀರಾತು ಕಂಡರೆ ಮುಟ್ಟಬೇಡಿ. 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದೆ. ಉಚಿತ ಡೈಮಂಡ್ ಲಿಂಕ್ ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.